ಮನೆಗೆ ಮೊದಲು ಬಡಾವಣೆ

ಉದ್ಯೋಗನಿಮಿತ್ತವಾಗಿಯೋ ಮಕ್ಕಳ ವಿದ್ಯಾಭ್ಯಾಸದ ಸಲುವಾಗಿಯೋ ಬೆಂಗಳೂರಿಗೆ ಬಂದು ನೆಲೆಸಬೇಕೆಂದು ನಿಶ್ಚಯಿಸಿದ ಕುಟುಂಬವು ಸಾಮಾನ್ಯವಾಗಿ ಮೊದಲು ಕೈಗೊಳ್ಳುವ ಕಾರ್ಯವೆಂದರೆ ಮನೆಯನ್ನು ಹುಡುಕುವುದು. ಕೋಣೆಗಳೆಷ್ಟು, ಬಾಡಿಗೆಯೆಷ್ಟು, ಅಡ್ವಾನ್ಸ್ ಎಷ್ಟು, ಗಾಡಿ ನಿಲ್ಲಿಸಲು ಸ್ಥಳವುಂಟೆ, ಅಡಿಗೆಮನೆಗೆ ಬೆಳಕು ಬರುತ್ತದೆಯೆ ಎಂಬ ಪ್ರಶ್ನೆಗಳೆಲ್ಲ ಮುಗಿದು, ಕರಾರುಪತ್ರಕ್ಕೆ ರುಜು ಬಿದ್ದು, ಸಾಮಾನಿನ ಲಾರಿ ಬಾಗಿಲಿಗೆ ಬಂದು ನಿಂತ ಮೇಲೆಯೇ, ತಾವು ಬಂದು ಸೇರಿರುವ ಬಡಾವಣೆ ಎಂಥದು, ಅದಕ್ಕೆ ನೀರು ಎಲ್ಲಿಂದ ಬರುತ್ತದೆ, ಮಳೆ ಹೊಯ್ದರೆ ಅದರ ಬೀದಿಗಳ ಗತಿಯೇನು, ಕಚೇರಿಗೂ ಶಾಲೆಗೂ ಅಲ್ಲಿಂದ ಹೋಗಿಬರುವ ದಾರಿ ಯಾವುದು ಎಂಬ ವಿಚಾರಗಳು ಒಂದೊಂದಾಗಿ ಮನಸ್ಸಿಗೆ ಬರುತ್ತವೆ. ಈ ಅನುಕ್ರಮವನ್ನು ತಿರುಗಿಸಬೇಕೆಂಬುದೇ ಈ ಲೇಖನದಲ್ಲಿ ನಾನು ಹೇಳಬಯಸುವ ಮುಖ್ಯ ಮಾತು. ಮನೆಯೊಳಗಿನ ಕೊರತೆಗಳಲ್ಲಿ ಬಹುಪಾಲನ್ನು ಸ್ವಲ್ಪ ಹಣದಿಂದಲೋ ಸ್ವಲ್ಪ ಹೊಂದಾಣಿಕೆಯಿಂದಲೋ ನಿವಾರಿಸಿಕೊಳ್ಳಬಹುದು. ಬಡಾವಣೆಯ ಕೊರತೆಯನ್ನಾದರೋ ಬಾಡಿಗೆದಾರನಾಗಲಿ ಮಾಲೀಕನಾಗಲಿ ಒಬ್ಬನೇ ನಿಂತು ನಿವಾರಿಸಲಾರನು.

"ಬೆಂಗಳೂರಿನಲ್ಲಿ ಒಳ್ಳೆಯ ಏರಿಯಾ ಯಾವುದು?" ಎಂದು ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ಮಂಗಳೂರಿನಿಂದಲೋ ಬರುವವರು ಬಂಧುಮಿತ್ರರನ್ನು ಕೇಳುತ್ತಾರೆ. ಕೇಳಿಸಿಕೊಂಡವರು ಸದುದ್ದೇಶದಿಂದಲೇ ತಾವಿರುವ ಬಡಾವಣೆಯ ಹೆಸರನ್ನು ಹೇಳುತ್ತಾರೆ. ಮೂವತ್ತು ವರ್ಷ ಬಸವನಗುಡಿಯಲ್ಲಿ ಬಾಳಿದವರಿಗೆ ಗಾಂಧಿಬಜಾರಿನಿಂದ ದೂರವಿರುವ ಬದುಕು ಬದುಕೇ ಅಲ್ಲ. ವೈಟ್‌ಫೀಲ್ಡಿನ ಗಗನಚುಂಬಿ ವಸತಿಸಮುಚ್ಚಯದಲ್ಲಿರುವವರಿಗೆ ಹಳೆಯ ಬಡಾವಣೆಯ ಇಕ್ಕಟ್ಟು ಸಹಿಸಲಸಾಧ್ಯವಾದುದು. ಇಬ್ಬರ ಮಾತೂ ಅವರವರ ಮಟ್ಟಿಗೆ ನಿಜವೇ. ಆದರೆ ಒಳ್ಳೆಯ ಬಡಾವಣೆಯೆಂಬುದು ಎಲ್ಲರಿಗೂ ಒಂದೇ ಆಗಿರುವ ವಸ್ತುವಲ್ಲ. ದುಡಿಯುವವರ ಕಚೇರಿ ಯಾವ ದಿಕ್ಕಿನಲ್ಲಿದೆ, ಮಕ್ಕಳ ವಯಸ್ಸೆಷ್ಟು, ಮನೆಯಲ್ಲಿ ವೃದ್ಧರಿದ್ದಾರೆಯೆ, ತಿಂಗಳ ವರಮಾನದಲ್ಲಿ ಬಾಡಿಗೆಗೆ ತೆಗೆದಿಡಬಹುದಾದ ಪಾಲೆಷ್ಟು ಎಂಬವುಗಳ ಮೇಲೆ ಅದು ನಿಂತಿದೆ. ಆದುದರಿಂದ ಬಡಾವಣೆಯ ಹೆಸರನ್ನು ಕೇಳುವುದಕ್ಕಿಂತ, ಬಡಾವಣೆಯನ್ನು ಪರೀಕ್ಷಿಸುವ ಬಗೆಯನ್ನು ತಿಳಿದುಕೊಳ್ಳುವುದು ಹೊಸಬರಿಗೆ ಹೆಚ್ಚು ಪ್ರಯೋಜನಕರ.

ಈ ಆಯ್ಕೆಯ ಭಾರ ಒಂದೊಂದು ಕುಟುಂಬದ ತಲೆಯ ಮೇಲೂ ಬಿದ್ದಿರುವುದು ಈಚಿನ ಕಾಲದ ಸಂಗತಿ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯಲ್ಲಿ ಕಸುಬೂ ವಾಸವೂ ಒಂದೆಡೆಯಲ್ಲಿಯೇ ಇದ್ದುವು. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಅದಕ್ಕೆ ಸಾಕ್ಷಿ. ಅಂಗಡಿಯ ಹಿಂದೆಯೋ ಮೇಲೆಯೋ ಮನೆ. ಯಾವ ಕಸುಬಿನವನು ಎಲ್ಲಿರಬೇಕೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. 1809ರಲ್ಲಿ ಬ್ರಿಟಿಷರ ದಂಡು ಬಂದು ನೆಲೆಸಿದ ಮೇಲೆ ಊರು ಎರಡಾಯಿತು. 1898ರ ಪ್ಲೇಗು ಪೇಟೆಯ ಕಿಕ್ಕಿರಿದ ಬೀದಿಗಳಲ್ಲಿ ಅಸಂಖ್ಯ ಪ್ರಾಣಗಳನ್ನು ಕೊಂಡೊಯ್ದಾಗ, ಗಾಳಿಬೆಳಕುಗಳಿಲ್ಲದ ನೆಲೆಯೇ ರೋಗಕ್ಕೆ ಆಶ್ರಯವೆಂಬ ತಿಳಿವಳಿಕೆ ಜನಕ್ಕೂ ಸರ್ಕಾರಕ್ಕೂ ಬಂದು, ಬಸವನಗುಡಿ ಮಲ್ಲೇಶ್ವರಗಳ ಹೊಸ ಬಡಾವಣೆಗಳು ನೇರವಾದ ಅಗಲ ರಸ್ತೆಗಳೊಂದಿಗೆ, ಮನೆಗಳ ಹಿಂಬದಿಯಲ್ಲಿ ಶುಚಿಕಾರ್ಯಕ್ಕೆಂದೇ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳೊಂದಿಗೆ ರೂಪುಗೊಂಡುವು. ನೆಲೆಯನ್ನು ಆರಿಸುವುದು ಆರೋಗ್ಯವನ್ನು ಆರಿಸುವುದೇ ಎಂಬ ಪಾಠವನ್ನು ಈ ಊರು ಅಂದೇ ಕಲಿತಿತ್ತು.

ಆಮೇಲೆ ಬಂದುದು ಕಾರ್ಖಾನೆಗಳ ಯುಗ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸ್ಥಾಪಿತವಾದಾಗ, ಕಾರ್ಖಾನೆಯೊಡನೆಯೇ ಕಾರ್ಮಿಕರ ವಸತಿಗಳೂ, ಶಾಲೆಯೂ, ಆಸ್ಪತ್ರೆಯೂ, ಆಟದ ಬಯಲೂ ಎದ್ದುವು. ದೂರವಾಣಿನಗರದಲ್ಲಾಗಲಿ ಜಾಲಹಳ್ಳಿಯಲ್ಲಾಗಲಿ ಕ್ವಾರ್ಟರ್ಸ್ ದೊರೆತವನಿಗೆ ಬಡಾವಣೆಯ ಚಿಂತೆ ಅಲ್ಲಿಗೆ ಮುಗಿಯುತ್ತಿತ್ತು. ಸೈರನ್ ಕೂಗಿದ ಮೇಲೆ ಸೈಕಲ್ ಏರಿದರೂ ಹೊತ್ತಿಗೆ ಸರಿಯಾಗಿ ಗೇಟನ್ನು ಸೇರಬಹುದಾಗಿದ್ದ ಆ ವ್ಯವಸ್ಥೆಯನ್ನು ನಾವು ಮುಂದುವರಿಸಲಿಲ್ಲವೆಂಬುದು ನನಗೆ ನಿಜವಾಗಿಯೂ ವ್ಯಥೆಯನ್ನುಂಟುಮಾಡುವ ಸಂಗತಿ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡು, ಹೊರವರ್ತುಲ ರಸ್ತೆ, ನಾಗವಾರ — ಹೀಗೆ ಊರಿನ ಅಂಚುಗಳಲ್ಲಿ ಲಕ್ಷಾಂತರ ಜನಕ್ಕೆ ಉದ್ಯೋಗ ಕಲ್ಪಿಸಿದ ಹೊಸ ಉದ್ಯಮಗಳು, ಆ ಜನ ರಾತ್ರಿ ಎಲ್ಲಿ ಮಲಗಬೇಕೆಂಬುದನ್ನು ಅವರವರಿಗೇ ಬಿಟ್ಟುಕೊಟ್ಟುವು.

ಹಾಗಾದರೆ ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು? ನೀರಿನಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಳಗೆ ಬರುವ ನೀರು, ಹೊರಗೆ ಹೋಗುವ ನೀರು, ಇವೆರಡರ ದಾರಿಯನ್ನೂ ತಿಳಿದವನಿಗೆ ಬೆಂಗಳೂರಿನ ಯಾವ ಬಡಾವಣೆಯೂ ಅಪರಿಚಿತವಲ್ಲ.

ಬೆಂಗಳೂರು ಯಾವ ಮಹಾನದಿಯ ದಂಡೆಯ ಮೇಲೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕುಳಿತಿದೆ. ಹಿಂದಿನವರು ಮಳೆಯ ನೀರನ್ನು ಕೆರೆಗಳಲ್ಲಿ ಹಿಡಿದಿಟ್ಟು ಬಾಳಿದರು. ಕೆರೆ ಬಾವಿಗಳು ಸಾಲದಾದಾಗ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದಿತು. 1933ರಲ್ಲಿ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. ಅದೂ ಸಾಲದೆ 1974ರಲ್ಲಿ ಕಾವೇರಿ ಊರನ್ನು ಮುಟ್ಟಿದಳು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ನೀರನ್ನು ಹಾರೋಹಳ್ಳಿ, ತಾತಗುಣಿಗಳ ಪಂಪುಮನೆಗಳ ಮೂಲಕ ಹಂತಹಂತವಾಗಿ ಎತ್ತಿ, ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ತಂದು ನಮ್ಮ ನಲ್ಲಿಗೆ ಬಿಡುತ್ತಾರೆ. ಇಷ್ಟು ಪ್ರಯಾಸದಿಂದ ಬರುವ ನೀರು ಎಲ್ಲ ಬಡಾವಣೆಗಳಿಗೂ ಸಮನಾಗಿ ಹಂಚಿಹೋಗಿಲ್ಲ. ಕೊಳವೆಗಳು ಊರು ಬೆಳೆದಂತೆ ಬೆಳೆಯದೆ, ಬಹಳ ಹಿಂದೆ ಬಿದ್ದುವು. ಜಯನಗರ, ಮಲ್ಲೇಶ್ವರ, ರಾಜಾಜಿನಗರಗಳಂಥ ಹಳೆಯ ಯೋಜಿತ ಬಡಾವಣೆಗಳು ಕಾವೇರಿಯ ಜಾಲದಲ್ಲಿ ಮೊದಲೇ ಸೇರಿಕೊಂಡುವು. 2007ರಲ್ಲಿ ಮಹಾನಗರಪಾಲಿಕೆಯ ಎಲ್ಲೆಯೊಳಕ್ಕೆ ಬಂದ ಸುತ್ತಣ 110 ಹಳ್ಳಿಗಳ ಪ್ರದೇಶವಾದರೋ ಬಹುಕಾಲ ಕೊಳವೆಬಾವಿ ಮತ್ತು ಟ್ಯಾಂಕರುಗಳ ಮೇಲೆಯೇ ಬದುಕಬೇಕಾಯಿತು. ಆ ಪ್ರದೇಶಕ್ಕೆಂದೇ ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ತರುವ ಕಾವೇರಿ ಐದನೆಯ ಹಂತದ ಯೋಜನೆಗೆ ಚಾಲನೆ ದೊರೆತದ್ದು 2024ರ ಅಕ್ಟೋಬರಿನಲ್ಲಿ.

ಅದೇ 2024ರ ಬೇಸಿಗೆಯನ್ನು ಬೆಂಗಳೂರಿನವರು ಬೇಗ ಮರೆಯಲಾರರು. ಹಿಂದಿನ ವರ್ಷ ಮುಂಗಾರು ಕೈಕೊಟ್ಟಿದ್ದುದರಿಂದ, ಸರ್ಕಾರದ ಲೆಕ್ಕದಲ್ಲಿದ್ದ ಸುಮಾರು 14,000 ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿಹೋದುವು. ಟ್ಯಾಂಕರಿನ ಬೆಲೆಯನ್ನು ಸರ್ಕಾರವೇ ಗೊತ್ತುಪಡಿಸಬೇಕಾಯಿತು. ತಿಂಗಳಿಗೆ ಬಹು ದೊಡ್ಡ ಮೊತ್ತದ ಬಾಡಿಗೆ ತೆರುವ ಮನೆಗಳಲ್ಲಿಯೂ ಬಕೆಟ್ಟಿನ ಲೆಕ್ಕದಲ್ಲಿ ಸ್ನಾನಮಾಡುವ ಪರಿಸ್ಥಿತಿ ಒದಗಿತು. ಅದೇ ದಿನಗಳಲ್ಲಿ ಹಳೆಯ ಬಡಾವಣೆಯೊಂದರ ಸಾಮಾನ್ಯ ಮಹಡಿಮನೆಯಲ್ಲಿ ಎರಡು ದಿನಕ್ಕೊಮ್ಮೆ ಸಂಪು ತುಂಬುತ್ತಿತ್ತು. ಈ ಎರಡು ಮನೆಗಳ ಬಾಡಿಗೆಯನ್ನು ಹೋಲಿಸಿದರೆ ನಮಗೆ ಏನೂ ತಿಳಿಯದು. ನೆಲದಡಿಯ ಕೊಳವೆಗಳನ್ನು ಹೋಲಿಸಿದರೆ ಎಲ್ಲವೂ ತಿಳಿಯುವುದು.

ಮನೆ ತೋರಿಸುವ ಬ್ರೋಕರು "ಕಾವೇರಿ ನೀರು ಇದೆ ಸಾರ್" ಎಂದು ಹೇಳುವ ವಾಕ್ಯವನ್ನು ಹಾಗೆಯೇ ಸ್ವೀಕರಿಸಬಾರದು. ಬೀದಿಯಲ್ಲಿ ಕೊಳವೆ ಹಾದುಹೋಗಿದೆ ಎಂದು ಅದಕ್ಕೆ ಅರ್ಥವಿರಬಹುದು. ಮನೆಗೆ ಸಂಪರ್ಕವುಂಟು, ನೀರು ಮಾತ್ರ ಯಾವಾಗಲೋ ಬರುತ್ತದೆ ಎಂದಿರಬಹುದು. ಸಂಪು ತುಂಬುವಷ್ಟು ನೀರು ನಿಯತವಾಗಿ ಬರುತ್ತದೆ ಎಂದೂ ಇರಬಹುದು. ಈ ಮೂರರಲ್ಲಿ ಯಾವುದೆಂದು ತಿಳಿಯಲು ಸಂಪಿನ ಮುಚ್ಚಳವನ್ನು ತೆಗೆಸಿ ನೋಡಬೇಕು. ಕೇಳಲು ಸಂಕೋಚಪಡಬೇಕಾದುದಿಲ್ಲ, ಗೃಹಸ್ಥನಾದವನು ಕೇಳಬೇಕಾದ ಪ್ರಶ್ನೆಯೇ ಅದು. ನೀರಿನ ಮಟ್ಟ ಎಲ್ಲಿದೆ, ಗೋಡೆಯ ಮೇಲೆ ಹಳೆಯ ಮಟ್ಟದ ಗೆರೆ ಎಲ್ಲಿದೆ, ಒಳಕ್ಕೆ ಬರುವ ಕೊಳವೆಗಳು ಒಂದೋ ಎರಡೋ, ಕಾವೇರಿಗೂ ಬೋರಿಗೂ ಬೇರೆಬೇರೆ ತೊಟ್ಟಿಗಳಿವೆಯೋ ಅಥವಾ ಎರಡನ್ನೂ ಒಂದರಲ್ಲಿಯೇ ಬೆರೆಸುತ್ತಾರೋ ನೋಡಿ. ಬಚ್ಚಲಿನ ನಲ್ಲಿಯ ಬಾಯಿಯಲ್ಲಿ, ಷವರಿನ ರಂಧ್ರಗಳಲ್ಲಿ ಬಿಳಿಯ ಉಪ್ಪು ದಪ್ಪವಾಗಿ ಕಟ್ಟಿದ್ದರೆ ಆ ಮನೆ ಬಹುಮಟ್ಟಿಗೆ ಬೋರಿನ ಗಡಸುನೀರಿನ ಮೇಲೆ ನಡೆಯುತ್ತಿದೆಯೆಂದು ತಿಳಿಯಬೇಕು. ಅಪಾರ್ಟ್‌ಮೆಂಟಾದರೆ, ಕಳೆದ ಏಪ್ರಿಲ್ ಮೇ ತಿಂಗಳುಗಳ ಮೇಂಟೆನೆನ್ಸ್ ಬಿಲ್ಲನ್ನು ಕೇಳಿ ನೋಡಿ. ಟ್ಯಾಂಕರಿಗೆ ತೆತ್ತ ಹಣ ಅದರಲ್ಲಿ ಅಡಗಿರುತ್ತದೆ. ಬಾಡಿಗೆ ಕಡಮೆಯೆಂದು ಒಪ್ಪಿಕೊಂಡ ಮನೆಯಲ್ಲಿ ಬೇಸಿಗೆಯ ನೀರಿನ ಖರ್ಚನ್ನು ಕೂಡಿಸಿದಾಗ ಉಳಿತಾಯವೆಲ್ಲ ಕರಗಿಹೋಗುವುದುಂಟು.

ಇವೆಲ್ಲಕ್ಕಿಂತ ನಂಬತಕ್ಕ ಸಾಕ್ಷಿಗಳು ಬೀದಿಯ ಮೂಲೆಯಲ್ಲಿಯೇ ಇರುತ್ತಾರೆ. ಇಸ್ತ್ರಿ ಗಾಡಿಯ ಯಜಮಾನರನ್ನೋ, ಮನೆಗೆಲಸಕ್ಕೆ ಬಂದು ಹೋಗುವ ಹೆಂಗಸರನ್ನೋ ವಿನಯದಿಂದ ಮಾತನಾಡಿಸಿ ನೋಡಿ. "ಕಾವೇರಿ ವಾರಕ್ಕೆ ಎರಡು ದಿನ ಬರ್ತದೆ ಸ್ವಾಮಿ, ರಾತ್ರಿ ಬಿಡ್ತಾರೆ. ಆ ಹಸಿರು ಗೇಟಿನ ಮನೇಲಿ ಮಾತ್ರ ಎತ್ತರ ಜಾಸ್ತಿ, ಏರೋದಿಲ್ಲ. ವರ್ಷಕ್ಕೊಂದು ಸಂಸಾರ ಬದಲಾಗ್ತದೆ ಅಲ್ಲಿ" ಎಂಬಷ್ಟು ಖಚಿತವಾದ ವರದಿ ಅಂಥವರ ಬಾಯಿಂದ ಬರುತ್ತದೆ. ಯಾವ ಮನೆಯ ಬಟ್ಟೆ ಎಷ್ಟು ವರ್ಷದಿಂದ ತಮ್ಮ ಗಾಡಿಗೆ ಬರುತ್ತಿದೆಯೆಂಬುದನ್ನು ಬಲ್ಲವರಿಗೆ, ಯಾವ ಮನೆಯಲ್ಲಿ ಜನ ನಿಲ್ಲುತ್ತಾರೆ, ಯಾವುದರಲ್ಲಿ ನಿಲ್ಲುವುದಿಲ್ಲ ಎಂಬುದು ಕರತಲಾಮಲಕ.

ಇನ್ನು ಹೊರಗೆ ಹೋಗುವ ನೀರಿನ ವಿಚಾರ. ದಿಬ್ಬದ ಮೇಲೆ ಬಿದ್ದ ಮಳೆ ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿದುಹೋಗುತ್ತದೆ. ಹೆಬ್ಬಾಳದ ಕಣಿವೆಯೂ ಕೋರಮಂಗಲ-ಚಲ್ಲಘಟ್ಟದ ಕಣಿವೆಯೂ ಪೂರ್ವಾಭಿಮುಖವಾಗಿ ಹರಿದು ದಕ್ಷಿಣಪಿನಾಕಿನಿಯನ್ನು ಸೇರುತ್ತವೆ. ವೃಷಭಾವತಿಯ ಕಣಿವೆ ನೈಋತ್ಯಕ್ಕಿಳಿದು ಅರ್ಕಾವತಿಯ ಮೂಲಕ ಕಾವೇರಿಗೆ ಕೂಡುತ್ತದೆ. ಈ ಕಣಿವೆಗಳ ಉದ್ದಕ್ಕೂ ಹಿಂದಿನವರು ಕೆರೆಗಳನ್ನು ಸರಪಳಿಯಾಗಿ ಕಟ್ಟಿ, ಮೇಲಿನದು ತುಂಬಿ ಕೋಡಿ ಬಿದ್ದಾಗ ನೀರು ರಾಜಕಾಲುವೆಯ ಮೂಲಕ ಕೆಳಗಿನದಕ್ಕೆ ಇಳಿಯುವಂತೆ ಏರ್ಪಾಟು ಮಾಡಿದ್ದರು. ನಾವು ಆ ಕೆರೆಗಳಲ್ಲಿ ಅನೇಕವನ್ನು ಮುಚ್ಚಿದೆವು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ; ಸಂಪಂಗಿ ಕೆರೆಯ ಸ್ಥಳದಲ್ಲಿ ಕಂಠೀರವ ಕ್ರೀಡಾಂಗಣವಿದೆ; ಕೋರಮಂಗಲದ ಕೆರೆಯ ಜಾಗದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಬಹುಮಹಡಿಯ ವಸತಿಗಳಿವೆ. ಕೆರೆ ಹೋದರೂ ನೀರಿನ ದಾರಿ ಹೋಗುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಗಳ ಸುತ್ತಮುತ್ತ ಕೋಟ್ಯಂತರ ಬೆಲೆಯ ಮನೆಗಳಿಂದ ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರಕ್ಕೆ ಕರೆತಂದ ದೃಶ್ಯವನ್ನು ದೇಶವೇ ನೋಡಿತು. ಮಳೆ ಅತಿಯಾಗಿ ಬಿದ್ದುದು ಅದಕ್ಕೆ ನಿಮಿತ್ತ; ನೀರು ನಿಲ್ಲಬೇಕಾದ ತಗ್ಗಿನಲ್ಲಿ ಮನುಷ್ಯರು ನಿಂತದ್ದು ಕಾರಣ.

ಬಾಡಿಗೆಗೆ ಬರುವವನು ಕಣಿವೆಯ ನಕ್ಷೆಯನ್ನು ಹೊತ್ತು ತಿರುಗಬೇಕಾಗಿಲ್ಲ. ಕಾಲ್ನಡಿಗೆಯಲ್ಲಿ ಬೀದಿಯನ್ನು ಒಮ್ಮೆ ಸುತ್ತಿದರೆ ಏರು ಯಾವುದು ಇಳಿಜಾರು ಯಾವುದು ಎಂಬುದು ಮೊಣಕಾಲಿಗೇ ಗೊತ್ತಾಗುತ್ತದೆ. ಇಳಿಜಾರಿನ ಕೊನೆಯ ಮನೆಗಳನ್ನು ಗಮನಿಸಿ. ಕಾಂಪೌಂಡ್ ಗೋಡೆಯ ಮೇಲೆ ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ ಮಣ್ಣಿನ ಬಣ್ಣದ ಸಮರೇಖೆಯೊಂದು ಉದ್ದಕ್ಕೂ ಓಡಿದ್ದರೆ, ಸುಣ್ಣಬಣ್ಣ ಬಳಿದ ಮೇಲೂ ಅದರ ಕೆಳಗಿನ ಗಾರೆ ಉಬ್ಬಿ ಪದರು ಬಿಟ್ಟಿದ್ದರೆ, ಬಾಗಿಲಿನ ಮುಂದೆ ಅರ್ಧ ಅಡಿಯ ಹೊಸ ಕಟ್ಟೆಯನ್ನು ಕಟ್ಟಿಸಿದ್ದರೆ, ಆ ಮನೆಯೊಳಕ್ಕೆ ನೀರು ಒಮ್ಮೆಯಾದರೂ ನುಗ್ಗಿದೆಯೆಂದು ಧಾರಾಳವಾಗಿ ಊಹಿಸಬಹುದು. ರಾಜಕಾಲುವೆಯ ಪಕ್ಕದ ನೆಲಮಹಡಿಯ ಮನೆ ಎಷ್ಟೇ ಅಗ್ಗವಾಗಿರಲಿ, ನೆಲದಡಿಯಲ್ಲಿ ವಾಹನ ನಿಲ್ಲಿಸುವ ಬೇಸ್‌ಮೆಂಟ್ ಎಷ್ಟೇ ವಿಶಾಲವಾಗಿರಲಿ, ಅಲ್ಲಿಗೆ ಹೋಗಬೇಡಿರೆಂದೇ ನಾನು ಹೇಳುವೆನು. ಕೆರೆಯ ನೋಟವುಳ್ಳ ಮನೆಯ ಬಗೆಗೂ ಒಂದು ಮಾತು: ಊರಿನ ಕೊಳಚೆಯನ್ನು ಹೊತ್ತ ಬೆಳ್ಳಂದೂರಿನ ಕೆರೆ ನೊರೆಯೆದ್ದು, 2017ರಲ್ಲಿ ಅದರೊಳಗಿಂದ ಬೆಂಕಿಯೂ ಎದ್ದುದನ್ನು ಕಂಡ ಮೇಲೆ, ಕಿಟಕಿಯನ್ನು ತೆರೆದು ಐದು ನಿಮಿಷ ನಿಂತು ಮೂಗಿನಿಂದ ಪರೀಕ್ಷಿಸದೆ ಅಂಥ ನೋಟಕ್ಕೆ ಹೆಚ್ಚಿನ ಬೆಲೆಯನ್ನು ಕೊಡತಕ್ಕದ್ದಲ್ಲ.

ನೀರಿನ ತರುವಾಯ ದಾರಿ. ಬೆಂಗಳೂರಿನಲ್ಲಿ ದೂರವನ್ನು ಕಿಲೋಮೀಟರಿನಿಂದ ಅಳೆಯುವುದು ನಿಷ್ಪ್ರಯೋಜಕ. ಬೆಳಗ್ಗೆ ಎಂಟೂವರೆಗೆ ಹೊರಟವನು ಎಷ್ಟು ದೊಡ್ಡ ಜಂಕ್ಷನ್ನುಗಳನ್ನು ದಾಟಬೇಕೆಂಬುದರಿಂದ ಅಳೆಯಬೇಕು. ಹೆಬ್ಬಾಳ, ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ, ಗೊರಗುಂಟೆಪಾಳ್ಯ — ಇವುಗಳಲ್ಲಿ ಒಂದನ್ನೂ ದಾಟದೆ ಹೋಗಬಹುದಾದ ಹತ್ತು ಕಿಲೋಮೀಟರು, ಎರಡನ್ನು ದಾಟಬೇಕಾದ ಆರು ಕಿಲೋಮೀಟರಿಗಿಂತ ಹತ್ತಿರ. ಮೆಟ್ರೊ ರೈಲು ಬಂದ ಮೇಲೆ ಈ ಲೆಕ್ಕ ಬಹಳ ಬದಲಾಗಿದೆ. 2011ರಲ್ಲಿ ಒಂದು ತುಂಡಾಗಿ ಆರಂಭವಾದ ನೇರಳೆ ಮಾರ್ಗವು 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಪೂರ್ಣವಾದುದರಿಂದ, ವಿಜಯನಗರದಂಥ ಪಶ್ಚಿಮದ ಬಡಾವಣೆಯಲ್ಲಿದ್ದು ಪೂರ್ವದ ತುದಿಯ ಕಚೇರಿಗೆ ಹೋಗಿಬರುವುದು, ದೀರ್ಘವಾದರೂ ನಿಶ್ಚಿತಕಾಲದ ಪ್ರಯಾಣವಾಯಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ತೆರೆದ ಹಳದಿ ಮಾರ್ಗವು ಎಲೆಕ್ಟ್ರಾನಿಕ್ ಸಿಟಿಯನ್ನು ಜಯನಗರದ ನೆರೆಗೆ ತಂದಿತು. ಒಂದು ಗಂಟೆಯ ಪ್ರಯಾಣವನ್ನು ಮನುಷ್ಯ ಸಹಿಸಬಲ್ಲ. ಒಂದು ದಿನ ನಲವತ್ತು ನಿಮಿಷ, ಮರುದಿನ ಎರಡು ಗಂಟೆಯಾಗುವ ಪ್ರಯಾಣವನ್ನು ಸಹಿಸುವುದು ಕಷ್ಟ. ಆದರೆ ನಿಲ್ದಾಣಕ್ಕೆ "ಹತ್ತಿರ" ಎಂದು ಜಾಹೀರಾತಿನಲ್ಲಿ ಬರೆದುದನ್ನು ನಂಬದೆ, ಮನೆಯ ಬಾಗಿಲಿನಿಂದ ನಿಲ್ದಾಣದ ಮೆಟ್ಟಿಲಿನವರೆಗೆ ಸ್ವತಃ ನಡೆದು ನೋಡಬೇಕು. ಫುಟ್‌ಪಾತ್ ಇದೆಯೋ ಇಲ್ಲವೋ, ಬೀದಿದೀಪ ಉರಿಯುತ್ತದೆಯೋ ಇಲ್ಲವೋ, ರಾತ್ರಿ ಒಂಬತ್ತಕ್ಕೆ ಒಬ್ಬಳೇ ಮರಳುವ ಮಗಳು ಆ ದಾರಿಯಲ್ಲಿ ನಿರ್ಭಯವಾಗಿ ನಡೆಯಬಹುದೋ ಎಂಬುದನ್ನು ಹಗಲಿನಲ್ಲಿ ತೀರ್ಮಾನಿಸಲಾಗದು.

ಗಂಡಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ, ಒಬ್ಬರ ಕಚೇರಿ ಉತ್ತರಕ್ಕೂ ಮತ್ತೊಬ್ಬರದು ಆಗ್ನೇಯಕ್ಕೂ ಇದ್ದರೆ ನಡುವೆ ಎಲ್ಲಿಯಾದರೂ ಇರೋಣವೆಂದು ನಿರ್ಧರಿಸುವುದು ವಾಡಿಕೆ. ಅದರಿಂದ ಇಬ್ಬರಿಗೂ ಅರ್ಧರ್ಧ ಕಷ್ಟವೆಂದು ತೋರುತ್ತದೆ. ವಾಸ್ತವವಾಗಿ ಮಗುವಿನ ಪಾಲಿಗೆ ಬೆಳಗಿನ ಹೊತ್ತಿನಲ್ಲಿಯೂ ಸಂಜೆಯ ಹೊತ್ತಿನಲ್ಲಿಯೂ ತಂದೆತಾಯಿಯರಿಬ್ಬರೂ ಇಲ್ಲದಂತಾಗುತ್ತದೆ. ಈ ಊರಿನಲ್ಲಿ ಉದ್ಯೋಗ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. ಶಾಲೆ ಹತ್ತು ವರ್ಷ ಉಳಿಯುತ್ತದೆ. ಚಿಕ್ಕ ಮಕ್ಕಳುಳ್ಳವರು ಮೊದಲು ಶಾಲೆಯನ್ನು ಆರಿಸಿ, ಅದಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆಯನ್ನು ಹುಡುಕುವುದೇ ಮೇಲೆಂದು ನನಗೆ ತೋರುತ್ತದೆ. ಆರು ವರ್ಷದ ಕೂಸು ದಿನಕ್ಕೆ ಎರಡು ಗಂಟೆ ಶಾಲೆಯ ಬಸ್ಸಿನಲ್ಲಿ ತೂಕಡಿಸುತ್ತ ಕಳೆಯುವುದನ್ನು ಯಾವ ಸಂಬಳವೂ ತುಂಬಿಕೊಡಲಾರದು. ಊರಿನಿಂದ ಬಂದಿರುವ ಅಜ್ಜ ಅಜ್ಜಿಯರ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಲಿಫ್ಟು, ಕಾವಲುಗಾರ, ಈಜುಕೊಳಗಳೆಲ್ಲ ಇರುವ ಎತ್ತರದ ಕಟ್ಟಡದಲ್ಲಿ ಅವರಿಗೆ ಮಾತನಾಡಲು ಜನರಿಲ್ಲದೆ ಹೋಗುವುದನ್ನು ನಾವು ನಿತ್ಯವೂ ಕಾಣುತ್ತಿದ್ದೇವೆ. ಹಾಪ್‌ಕಾಮ್ಸ್ ಅಂಗಡಿ, ದೇವಸ್ಥಾನ, ಗ್ರಂಥಾಲಯ, ಕಲ್ಲುಬೆಂಚುಗಳುಳ್ಳ ಪಾರ್ಕು, ಕನ್ನಡದಲ್ಲಿ ಮಾತನಾಡುವ ಔಷಧದ ಅಂಗಡಿಯವನು, ಇಷ್ಟು ನಡಿಗೆಯಳತೆಯಲ್ಲಿದ್ದರೆ ಹಳೆಯ ಇಕ್ಕಟ್ಟಾದ ಮನೆಯೂ ಅವರಿಗೆ ಹಿತವಾಗುತ್ತದೆ.

ಹಣದ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೇಳುವ ರೂಢಿ ಬೆಂಗಳೂರಿನಲ್ಲಿ ಬಹುಕಾಲದಿಂದ ಬಂದಿದ್ದು, ಈಗ ಕೆಲವೆಡೆ ಅದಕ್ಕಿಂತ ಕಡಮೆಗೂ ಒಪ್ಪುತ್ತಾರೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದ್ದರೂ, ಅದು ಮಾದರಿ ಮಾತ್ರ; ಬೀದಿಯ ರೂಢಿಯ ಮುಂದೆ ಅದನ್ನು ಹಿಡಿದು ವಾದಿಸಿ ಫಲವಿಲ್ಲ, ಚೌಕಾಶಿ ಮಾಡಿಯೇ ಇಳಿಸಿಕೊಳ್ಳಬೇಕು. ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದು ವಾಡಿಕೆಯಾದುದರಿಂದ, ಅದರ ಮಾತನ್ನು ಕರಾರಿನಲ್ಲಿ ಮೊದಲೇ ಬರೆಸಬೇಕು. ಒಟ್ಟು ಮೊತ್ತವನ್ನು ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಅವಧಿ ಮುಗಿದಾಗ ಹಣವನ್ನು ಹಿಂದಕ್ಕೆ ಪಡೆಯುವ ಭೋಗ್ಯದ ಪದ್ಧತಿ, ಜನರ ಮಾತಿನಲ್ಲಿ ಲೀಸು, ಮಧ್ಯಮವರ್ಗದವರಿಗೆ ಆಕರ್ಷಕವಾಗಿ ಕಾಣುತ್ತದೆ. ಇದರಲ್ಲಿ ವಿಶೇಷ ಎಚ್ಚರಿಕೆ ಬೇಕು. ಮಾಲೀಕನು ಅದೇ ಮನೆಯ ಮೇಲೆ ಬ್ಯಾಂಕಿನಲ್ಲಿ ಸಾಲ ಎತ್ತಿ ತೀರಿಸದೆ ಹೋದರೆ, ಮನೆ ಬ್ಯಾಂಕಿನ ವಶವಾಗಿ, ಜೀವಮಾನದ ಉಳಿತಾಯವನ್ನು ಕೊಟ್ಟ ಕುಟುಂಬ ಬೀದಿಯಲ್ಲಿ ನಿಲ್ಲಬೇಕಾಗುತ್ತದೆ. ಆದುದರಿಂದ ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರಪತ್ರವನ್ನು, ಎಂದರೆ ಇ.ಸಿ.ಯನ್ನು, ತೆಗೆಸಿ ನೋಡಬೇಕು. ಅಷ್ಟಕ್ಕೆ ನಿಲ್ಲದೆ ಮೂಲ ಕ್ರಯಪತ್ರವನ್ನು ಕಣ್ಣಾರೆ ಕಾಣಬೇಕು, ಏಕೆಂದರೆ ಮೂಲಪತ್ರ ಮಾಲೀಕನ ಕೈಯಲ್ಲಿಲ್ಲವೆಂದರೆ ಅದು ಸಾಲಕ್ಕೆ ಒತ್ತೆ ಬಿದ್ದಿರುವ ಸಂಭವವೇ ಹೆಚ್ಚು. ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಾಯಿಸಲೇಬೇಕೆಂಬುದು ಕಾನೂನು.

ಇಷ್ಟೆಲ್ಲ ಪರೀಕ್ಷೆಯನ್ನು ಮುಗಿಸಿ, ತನಗೆ ಒಪ್ಪುವ ಬಡಾವಣೆಯಲ್ಲಿ ತನ್ನ ಶಕ್ತಿಗೆ ತಕ್ಕ ಮನೆಯನ್ನು ಕಂಡುಕೊಂಡವನಿಗೂ ಕೊನೆಯಲ್ಲಿ ಒಂದು ಪ್ರಶ್ನೆ ಎದುರಾಗುವುದುಂಟು: "ನೀವು ಯಾವ ಜನ?" ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬೋರ್ಡು, ಕುಟುಂಬಸ್ಥರಿಗೆ ಮಾತ್ರ ಎಂಬ ಷರತ್ತು, ಹೆಸರು ಕೇಳಿದ ಕೂಡಲೇ "ಮನೆ ಆಗಲೇ ಬೇರೆಯವರಿಗೆ ಆಗಿಹೋಯಿತಲ್ಲ" ಎಂಬ ಉತ್ತರ — ಇವುಗಳನ್ನು ಅನುಭವಿಸಿದವರು ಈ ಊರಿನಲ್ಲಿ ಸಾವಿರಾರು ಮಂದಿ. ದಲಿತರಿಗೆ, ಮುಸಲ್ಮಾನರಿಗೆ, ಈಶಾನ್ಯರಾಜ್ಯಗಳ ತರುಣರಿಗೆ, ಒಂಟಿಯಾಗಿ ದುಡಿಯುವ ಹೆಣ್ಣುಮಕ್ಕಳಿಗೆ ಬಡಾವಣೆಯ ಆಯ್ಕೆ ಎಂಬುದು ನೀರು ದಾರಿಗಳ ಲೆಕ್ಕವಾಗುವ ಮೊದಲೇ ಯಾರು ಮನೆ ಕೊಡುತ್ತಾರೆಂಬ ಲೆಕ್ಕವಾಗುತ್ತದೆ. ಒಳ್ಳೆಯ ನೀರೂ ಎತ್ತರದ ನೆಲವೂ ಇರುವ ಹಳೆಯ ಬಡಾವಣೆಗಳಲ್ಲಿಯೇ ಈ ಬಾಗಿಲು ಅನೇಕ ವೇಳೆ ಬಿಗಿಯಾಗಿ ಮುಚ್ಚಿರುವುದರಿಂದ, ಅವರಲ್ಲಿ ಬಹುಮಂದಿ ಹೆಚ್ಚು ಹಣ ತೆತ್ತು ತಗ್ಗಿನ ಕಡೆಗೆ, ಟ್ಯಾಂಕರಿನ ಕಡೆಗೆ ಸರಿಯಬೇಕಾಗಿ ಬಂದಿದೆ. ಇದು ಅನ್ಯಾಯವೆಂದು ಸ್ಪಷ್ಟವಾಗಿ ಹೇಳಬೇಕು. ಮನೆಯುಳ್ಳ ಓದುಗರು ಇದನ್ನು ಓದುತ್ತಿದ್ದರೆ, ಮುಂದಿನ ಬಾಡಿಗೆದಾರರನ್ನು ಕೇಳುವ ಪ್ರಶ್ನೆಗಳಿಂದ ಅದೊಂದನ್ನು ಕೈಬಿಡಬೇಕೆಂದು ಕೈಮುಗಿದು ಪ್ರಾರ್ಥಿಸುವೆನು.

ಮನೆ ಹುಡುಕಲು ಯೋಗ್ಯವಾದ ಕಾಲ ಯಾವುದೆಂದು ಕೇಳಿದರೆ, ಮೇ ತಿಂಗಳು ಎನ್ನುವೆನು. ಶಾಲೆಗಳ ರಜೆಯಲ್ಲಿ ಸಂಸಾರಗಳು ಸ್ಥಳ ಬದಲಾಯಿಸುವುದರಿಂದ ಖಾಲಿ ಮನೆಗಳು ಆಗ ಹೆಚ್ಚಾಗಿ ದೊರೆಯುತ್ತವೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಕೊಳವೆಬಾವಿಗಳು ಅತ್ಯಂತ ಕೆಳಕ್ಕಿಳಿದಿರುವ ಬೇಸಿಗೆಯ ಕೊನೆಯೂ, ಸಂಜೆಯ ಗುಡುಗುಮಳೆಗಳ ಆರಂಭವೂ ಬೆಂಗಳೂರಿನಲ್ಲಿ ಅದೇ ತಿಂಗಳಿನಲ್ಲಿ ಕೂಡುತ್ತವೆ. ಬೆಳಗ್ಗೆ ಏಳಕ್ಕೆ ಹೋಗಿ ಬೀದಿಗೆ ಎಷ್ಟು ಟ್ಯಾಂಕರುಗಳು ಬರುತ್ತವೆಂದು ನೋಡಿ. ಜೋರು ಮಳೆ ನಿಂತ ಅರ್ಧ ಗಂಟೆಯೊಳಗೆ ಅದೇ ಬೀದಿಗೆ ಮತ್ತೆ ಹೋಗಿ, ನೀರು ಯಾವ ಕಡೆಗೆ ಓಡುತ್ತಿದೆ, ಎಲ್ಲಿ ನಿಂತಿದೆ ಎಂದು ನೋಡಿ. ಸ್ವಂತ ಮನೆಯನ್ನು ಕೊಳ್ಳುವ ಸಂಕಲ್ಪವುಳ್ಳವರು ಅದೇ ಬಡಾವಣೆಯಲ್ಲಿ ಮೊದಲು ಬಾಡಿಗೆಗೆ ಇದ್ದು ನೋಡುವುದು ಉತ್ತಮ. ಆದರೆ ಹನ್ನೊಂದು ತಿಂಗಳ ಕರಾರು ಜೂನಿನಲ್ಲಿ ಆರಂಭವಾದರೆ ಏಪ್ರಿಲಿಗೆ ಮುಗಿದು, ಬೇಸಿಗೆಯ ಅತ್ಯಂತ ಕಠಿನವಾದ ದಿನಗಳು ಬಾಕಿ ಉಳಿಯುತ್ತವೆ; ಆದುದರಿಂದ ಇನ್ನೊಂದು ಅವಧಿಗೆ ಕರಾರನ್ನು ನವೀಕರಿಸಿಕೊಂಡು, ಆ ಮೇ ತಿಂಗಳನ್ನೂ ಕಳೆದ ಮೇಲೆ ಮುಂಗಡದ ಚೆಕ್ಕಿಗೆ ರುಜು ಹಾಕಲಿ.